ಪದಚರ್ಚೆ: ಮೋಟಾರ್ ‘ತಡವರಿಸುವುದು’, ‘ತಾಳ ತಪ್ಪುವುದು’, ಮತ್ತೆ ‘ಆರ್ಮ್’ ಆಗುವುದಕ್ಕೆ ಏನನ್ನಬೇಕು?

ನಮಸ್ಕಾರ. ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟದಿಂದ ಬರೆಯುತ್ತಿದ್ದೇನೆ. ಒಂದೆರಡು ಪದ ಬೇಕಾಗಿವೆ. ಅವು ಎಲ್ಲಿ ಕೂರಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಉದ್ದುದ್ದ ಸಮಾಸ ಕಳಿಸುತ್ತೀರಿ.

ಅಣ್ಣನ ಮಗ ನೀರಲ್ಲಿ ಮುಳುಗುವ ರೋಬೋಟ್ ಮಾಡಿದ್ದಾನೆ. ಪಿವಿಸಿ ಪೈಪಿನ ಚೌಕಟ್ಟು, ನಾಲ್ಕು ಬ್ರಷ್‌ಲೆಸ್ ಮೋಟಾರ್, ಒಂದು ಕ್ಯಾಮೆರಾ, ದಡದ ಬ್ಯಾಟರಿಯಿಂದ ಒಂದು ಕೇಬಲ್. ಕೆರೆಯೊಳಗಿನ ಫುಟ್‌ವಾಲ್ವ್ (ಪಂಪಿಗೆ ನೀರೆಳೆಯುವ ಪೈಪಿನ ತುದಿಯ ವಾಲ್ವ್) ನೋಡುವುದೇ ಅದರ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗ ವಾಲ್ವಿನ ಬಾಯಿಗೆ ಎಲೆ ಸಿಕ್ಕಿಕೊಂಡರೆ ಪೈಪಿನಲ್ಲಿ ನೀರು ನಿಲ್ಲುವುದಿಲ್ಲ, ಪಂಪ್ ಸುಮ್ನೆ ತಿರುಗುತ್ತದೆ. ಹುಡುಗ ಕಾಲೇಜಿಗೆ ವಾಪಸ್ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ನಮ್ಮ ಪಂಪ್ ಆಪರೇಟರ್. ಅವರಿಗಾಗಿ ಪಂಪ್‌ಶೆಡ್ಡಿನ ಗೋಡೆಗೆ ಅಂಟಿಸುವ ಒಂದು ಹಾಳೆ ಬರೆಯುತ್ತಿದ್ದೇನೆ. ಮೋಟಾರ್ ಹೀಗೆ ಆಡಿದರೆ ಇದನ್ನು ನೋಡಿ, ಹಾಗೆ ಆಡಿದರೆ ಅದನ್ನು ನೋಡಿ ಅಂತ.

ಮೊದಲ ತೊಡಕು ಮೋಟಾರ್ ಓಡಿಸುವ ಪುಟ್ಟ ಬೋರ್ಡಿನ ಹೆಸರು. ಹುಡುಗರು ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಅನ್ನುತ್ತಾರೆ. ಕೊಡಗಿನಲ್ಲಿ ಅದು ಕಿವಿಗೆ ‘ಸೆಸ್ಕ್’ ಅಂತ ಬೀಳುತ್ತದೆ. ನಮಗೆ ಕರೆಂಟ್ ಕೊಡುವ ಕಂಪನಿಯ ಹೆಸರದು, ಕೇಳಿದವರು ಬಿಲ್ ಕಟ್ಟುವ ಮಾತು ಅಂದುಕೊಳ್ಳುತ್ತಾರೆ. ‘ವೇಗ ನಿಯಂತ್ರಕ’ ಅಂದರೆ ಫ್ಯಾನ್ ರೆಗ್ಯುಲೇಟರ್ ಕಣ್ಣಿಗೆ ಬರುತ್ತದೆ. ಅದು ತಪ್ಪು ಚಿತ್ರ. ಮಿಕ್ಸಿ ರಿಪೇರಿಯವರು ಬ್ರಷ್‌ಗೆ ಕಾರ್ಬನ್ ಅನ್ನುತ್ತಾರಲ್ಲ, ಆ ಕಾರ್ಬನ್ ಇಲ್ಲದ ಮೋಟಾರ್ ಇದು. ಯಾವ ತಂತಿಸುರುಳಿಗೆ (ಕಾಯಿಲ್) ಯಾವಾಗ ಕರೆಂಟ್ ಹೋಗಬೇಕು ಅಂತ ಬದಲಾಯಿಸುವ ಕೆಲಸವನ್ನು ಕಾರ್ಬನ್ ಬದಲು ಈ ಬೋರ್ಡ್ ಮಾಡುತ್ತದೆ. ಬ್ಯಾಟರಿಯ ಎರಡು ತಂತಿ ಒಳಗೆ, ಮೋಟಾರಿನ ಮೂರು ತಂತಿ ಹೊರಗೆ. ಹಾಗಾಗಿ ನಾನು ‘ಮೋಟಾರ್ ಬೋರ್ಡ್’ ಅಂತಲೇ ಬರೆದಿದ್ದೇನೆ. ಇದರ ಬಗ್ಗೆ ಚರ್ಚೆ ಬೇಡ.

ಮೂರು ತಂತಿ ಅಂದಕೂಡಲೇ ನಮ್ಮ ಆಪರೇಟರ್ ಮುಖ ಅರಳಿತು. ‘ಓ, ತ್ರೀ ಫೇಸ್!’ ಅಂದರು. ಅಲ್ಲಿಂದ ಮುಂದೆ ಅರ್ಧ ಪದಗಳು ತಾವಾಗಿಯೇ ಸಿಕ್ಕಿದವು. ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿ. ಪಂಪ್‌ಸೆಟ್ಟಿಗೂ ಇದೇ ಮದ್ದು. ‘ಒಂದು ಫೇಸ್ ಹೋಗಿದೆ’, ‘ಆಂಪ್ಸ್ ಜಾಸ್ತಿ ಎಳೀತಿದೆ’, ‘ವೈಂಡಿಂಗ್ ಹೋಗಿದೆ’, ಎಲ್ಲ ಹಾಗೇ ನಡೆಯುತ್ತವೆ.

ಆದರೆ ಪಂಪ್‌ಶೆಡ್ಡಿನ ಪದ ಕೆಲವು ಕಡೆ ಅಪಾಯ. ಕಂಟ್ರೋಲ್ ಬೋರ್ಡಿನಿಂದ ಈ ಬೋರ್ಡಿಗೆ ಬರುವ ಸಿಗ್ನಲ್ 1000ದಿಂದ 2000 ಮೈಕ್ರೋಸೆಕೆಂಡ್ ಅಗಲದ ಬಡಿತ (ಪಲ್ಸ್). ಎರಡೂ ಕಡೆ ತಿರುಗುವ ಮೋಟಾರಿಗೆ ನಡುವಿನ 1500 ಅಂದರೆ ನಿಂತಿರು ಅಂತ. ಅದಕ್ಕೆ ಹುಡುಗರು ‘ನ್ಯೂಟ್ರಲ್’ ಅನ್ನುತ್ತಾರೆ. ಹಾಳೆಯಲ್ಲಿ ‘ಮೊದಲು ನ್ಯೂಟ್ರಲ್ ಕೊಡಿ’ ಅಂತ ಬರೆದರೆ ನಮ್ಮವರು ಗೋಡೆಯ ಬೋರ್ಡಿನಿಂದ ನ್ಯೂಟ್ರಲ್ ತಂತಿ ಎಳೆದು ತಂದಾರು! ‘ಗ್ರೌಂಡ್ ಸೇರಿಸಿ’ ಅಂದರೆ ಅರ್ಥಿಂಗ್ ತಂತಿ ಹುಡುಕಿಯಾರು. ಒಂದಕ್ಕೆ ‘ನಡು ಸಿಗ್ನಲ್’ ಅಂತ ಬರೆದೆ. ಇನ್ನೊಂದಕ್ಕೆ ‘ಮೋಟಾರ್ ಬೋರ್ಡ್, ಕಂಟ್ರೋಲ್ ಬೋರ್ಡ್ ಎರಡರ ಮೈನಸ್ ಒಂದಾಗಬೇಕು’ ಅಂತ. ಮೈನಸ್ ಅಂದರೆ ಬ್ಯಾಟರಿ ಮುಟ್ಟಿದ ಯಾರಿಗೂ ಗೊತ್ತು.

ಕೇಬಲ್ ವಿಷಯಕ್ಕೆ ಪದ ಸಾಲದು, ಲೆಕ್ಕವೇ ಬೇಕಾಯಿತು. 1.5 ಚದರ ಮಿ.ಮೀ. ತಾಮ್ರದ ತಂತಿ, 20 ಮೀಟರ್. ಹೋಗಿ ಬರುವ ದಾರಿ ಸೇರಿ ಸುಮಾರು ಅರ್ಧ ಓಮ್. 10 ಆಂಪ್ ಎಳೆದರೆ ದಾರಿಯಲ್ಲೇ 5 ವೋಲ್ಟ್ ಹೋಯಿತು. 230 ವೋಲ್ಟಿನ ಲೈನಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ, ಬ್ಯಾಟರಿಯ 12 ವೋಲ್ಟಿನಲ್ಲಿ ಉಳಿಯುವುದು 7. ಬಕೆಟ್‌ನಲ್ಲಿ ಗಿಡ್ಡ ತಂತಿಯಲ್ಲಿ ಚೆನ್ನಾಗಿ ಓಡಿದ್ದು ಕೆರೆಯಲ್ಲಿ ಜೋರು ಕೊಟ್ಟ ಕೂಡಲೇ ನಿಂತು, ಮತ್ತೆ ಮೊದಲಿನಿಂದ ಪೀಂ ಪೀಂ ಅನ್ನುತ್ತದೆ. ಇದಕ್ಕೆ ‘ವೋಲ್ಟೇಜ್ ಸೋಲುವುದು’ ಅಂತ ಬರೆದಿದ್ದೇನೆ. ಬೋರ್ಡ್ ಸತ್ತಿಲ್ಲ, ಸೋತಿದೆ ಅಷ್ಟೆ. ಒಪ್ಪುತ್ತೀರಾ?

ಈಗ ನನ್ನ ನಿಜವಾದ ಪ್ರಶ್ನೆ. ಮೋಟಾರ್ ಸರಿಯಾಗಿ ತಿರುಗದೆ ಎಳೆದಾಡಿದರೆ ಹುಡುಗರೆಲ್ಲ ‘ಜರ್ಕ್ ಹೊಡೀತಿದೆ’ ಅನ್ನುತ್ತಾರೆ. ಆದರೆ ಅಲ್ಲಿ ಎರಡು ಬೇರೆ ಕಾಯಿಲೆ ಇವೆ. ಈ ಬೋರ್ಡಿಗೆ ಕಣ್ಣಿಲ್ಲ. ಕರೆಂಟ್ ಹೋಗದ ಸುರುಳಿಯಲ್ಲಿ ತಿರುಗುವ ಆಯಸ್ಕಾಂತ ಹುಟ್ಟಿಸುವ ಚೂರು ವೋಲ್ಟೇಜ್ ನೋಡಿ, ಆಯಸ್ಕಾಂತ ಎಲ್ಲಿದೆ ಅಂತ ತಿಳಿಯುತ್ತದೆ. ನಿಂತ ಮೋಟಾರಿನಲ್ಲಿ ಆ ವೋಲ್ಟೇಜೇ ಇಲ್ಲ. ಹಾಗಾಗಿ ಹೊರಡುವಾಗ ಅಂದಾಜಿನಲ್ಲಿ ತಳ್ಳುತ್ತದೆ. ಒಂದು ಫೇಸ್ ಬಿಟ್ಟಿದ್ದರೆ, ಬೆಸುಗೆ ಸಡಿಲವಾಗಿದ್ದರೆ, ಅತ್ತಿತ್ತ ಅಲ್ಲಾಡುತ್ತದೆ, ಹೊರಡುವುದೇ ಇಲ್ಲ. ಇದನ್ನು ‘ತಡವರಿಸುವುದು’ ಅಂದಿದ್ದೇನೆ. ಮದ್ದು ಹೀಗೆ: ಬ್ಯಾಟರಿ ತೆಗೆದು, ಮೂರು ತಂತಿಯಲ್ಲಿ ಎರಡೆರಡನ್ನೇ ಮೀಟರಿನಲ್ಲಿ ನೋಡಿ, ಎಲ್ಲ ಜೋಡಿಯಲ್ಲೂ ಬೀಪ್ ಬರಬೇಕು. ಆಮೇಲೆ ಚೆನ್ನಾಗಿರುವ ಮೋಟಾರನ್ನು ಇದೇ ಬೋರ್ಡಿಗೆ ಹಾಕಿ. ಅದೂ ತಡವರಿಸಿದರೆ ಕಾಯಿಲೆ ಬೋರ್ಡಿನದು.

ಇನ್ನೊಂದು, ಚೆನ್ನಾಗಿ ಓಡುತ್ತಿರುವಾಗಲೇ ಬರುವುದು. ಪ್ರೊಪೆಲ್ಲರಿಗೆ ಪಾಚಿ ಸುತ್ತಿಕೊಂಡಿತು, ಅಥವಾ ನಿಂತಲ್ಲಿಂದ ಒಮ್ಮೆಗೇ ಫುಲ್ ಕೊಟ್ಟರು. ಬೋರ್ಡ್ ಒಂದು ಕಡೆ ಲೆಕ್ಕ ಹಾಕುತ್ತದೆ, ಆಯಸ್ಕಾಂತ ಇನ್ನೊಂದು ಕಡೆ ಇರುತ್ತದೆ. ಕಿರ್ರ್ ಅಂತ ಕಿರುಚಿ ನಿಲ್ಲುತ್ತದೆ. ಇದಕ್ಕೆ ‘ತಾಳ ತಪ್ಪುವುದು’ ಅಂತ ನನಗೆ ಹೊಳೆದದ್ದು. ಇಲ್ಲಿ ತಂತಿ ಬಿಚ್ಚಿ ಪ್ರಯೋಜನವಿಲ್ಲ. ಪಾಚಿ ಬಿಡಿಸಬೇಕು, ವೇಗ ನಿಧಾನಕ್ಕೆ ಏರಿಸಬೇಕು. ನನ್ನ ಅನುಮಾನ ಏನೆಂದರೆ, ‘ತಡವರಿಸು’ ಮಾತಿಗೆ, ಕತ್ತಲಲ್ಲಿ ಕೈಯಾಡಿಸುವುದಕ್ಕೆ ಹೊಂದುವ ಪದ. ಯಂತ್ರಕ್ಕೂ ಹೊಂದುತ್ತದಾ? ‘ಮುಗ್ಗರಿಸು’ ಅಂದರೆ ಓಡುವವನು ಎಡವಿದ ಹಾಗಾಗುತ್ತದೆ, ಅದು ಎರಡನೆಯದಕ್ಕೇ ಹತ್ತಿರ ಅಲ್ವಾ?

ಕೊನೆಯದು ‘ಆರ್ಮ್’. ಪವರ್ ಕೊಟ್ಟ ಮೇಲೆ ಬೋರ್ಡ್ ಸ್ವಲ್ಪ ಹೊತ್ತು ನಡು ಸಿಗ್ನಲ್ ನೋಡಬೇಕು. ಆಮೇಲೆ ಸ್ವರ ಹಾಡಿ ಕೆಲಸಕ್ಕೆ ಒಪ್ಪುತ್ತದೆ. ಸಿಗ್ನಲ್ ಸಿಗದಿದ್ದರೆ ಪೀಂ ಪೀಂ ಅಂತ ಕೂಗುತ್ತಲೇ ಇರುತ್ತದೆ. ನೆಂಟರೊಬ್ಬರು ‘ಶಸ್ತ್ರಸಜ್ಜಿತ’ ಅನ್ನಿ ಅಂದರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವ ಊರು ನಮ್ಮದು, ಆದರೂ ಕೆರೆಯ ಮೋಟಾರಿಗೆ ಇದು ಜಾಸ್ತಿ ಆಯಿತು. ‘ರೆಡಿ’ ಸಹಜವಾಗಿ ಬಾಯಿಗೆ ಬರುತ್ತದೆ, ಆದರೆ ‘ಮೋಟಾರ್ ರೆಡಿ ಮಾಡಿಸಿದೆ’ ಅಂದರೆ ನಮ್ಮಲ್ಲಿ ರಿಪೇರಿ ಮಾಡಿಸಿದೆ ಅಂತ. ರಿಪೇರಿಯ ಹಾಳೆಯಲ್ಲೇ ಅದನ್ನು ಬಳಸುವುದು ಹೇಗೆ? ಸದ್ಯಕ್ಕೆ ‘ಅಣಿಯಾಗು’ ಅಂತ ಹಾಕಿದ್ದೇನೆ. ಓದಿದಾಗ ಆಪರೇಟರ್ ‘ಇದು ಪಾಠಪುಸ್ತಕದ ಪದ’ ಅಂದರು.

ಕರಾವಳಿಯಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವವರು ಈ ಗುಂಪಿನಲ್ಲಿ ಯಾರಾದರೂ ಇದ್ದೀರಾ? ಬಲೆ ಸುತ್ತಿ ಪ್ರೊಪೆಲ್ಲರ್ ಸಿಕ್ಕಿಕೊಂಡಾಗ ಎಂಜಿನ್ ಮಾಡುವುದಕ್ಕೆ ನೀವು ಏನನ್ನುತ್ತೀರಿ? ಆ ಪದ ಸಿಕ್ಕರೆ ‘ತಾಳ ತಪ್ಪುವುದು’ ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.