ಒಂದು ಮಂಡಿಗೆ ಬರೆದ ಸಾಫ್ಟ್‌ವೇರ್ ಇನ್ನೊಂದು ಮಂಡಿಗೆ ಮಾರಬಹುದಾ?

ಗೊರಬಲು_ಕೋಡರ್: ಎರಡು ವರ್ಷದ ಹಿಂದೆ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳಲ್ಲಿ ಯಾವುದೋ ಒಂದರ ತೂಕ, ರೇಟು ಹಾಕಿದರೆ ಮುಂಗಡ ಕಳೆದು ರೈತರಿಗೆ ಕೊಡುವ ಪಟ್ಟಿ ಪಿಡಿಎಫ್ ಆಗಿ ಬರುತ್ತದೆ. ನಾನು ಅವರಲ್ಲಿ ಸಂಬಳಕ್ಕಿರಲಿಲ್ಲ. ಈ ಕೆಲಸಕ್ಕೆ ಇಷ್ಟು ಅಂತ ಬಾಯಿಮಾತಲ್ಲೇ ಆಗಿದ್ದು, ಕಾಗದ ಏನೂ ಇಲ್ಲ. ಈಗ ಸಾಗರದ ಮಂಡಿಯೊಬ್ಬರು ಅದೇ ಬೇಕು ಅನ್ನುತ್ತಿದ್ದಾರೆ. ಶಿವಮೊಗ್ಗದ ಹಳೆ ಸಾಹುಕಾರರಿಗೆ ಸಿಟ್ಟು. "ಬಡಗಿ ಬಾಗಿಲು ಮಾಡಿಕೊಟ್ಟು ದುಡ್ಡು ಇಸ್ಕೊಂಡ ಮೇಲೆ ಬಾಗಿಲು ಯಾರದಪ್ಪಾ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಮಾರಬಹುದಾ?

ಸುಮ್ನೆ_ಓದುಗ: ಮಾರಿ ಸಾರ್, ಯಾರು ನೋಡುತ್ತಾರೆ.

ಹಳೇ_ಕೀಬೋರ್ಡ್: ಬಾಗಿಲು ಅವರದೇ. ಆದರೆ ಅದೇ ಬಡಗಿ ಪಕ್ಕದ ಮನೆಗೆ ಅಂಥದ್ದೇ ಬಾಗಿಲು ಮಾಡಬಾರದು ಅಂತ ಯಾರೂ ಹೇಳುವುದಿಲ್ಲವಲ್ಲ!

1957ರ ಕಾಪಿರೈಟ್ (ಕೃತಿಯ ಹಕ್ಕು) ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಬರುತ್ತದೆ. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದಿದ್ದರೆ ಸೆಕ್ಷನ್ 17ರ ಪ್ರಕಾರ ಹಕ್ಕು ಮಾಲೀಕರದು. ಹೊರಗಿನಿಂದ ಮಾಡಿಕೊಟ್ಟಿದ್ದರೆ ಬರೆದವನದು. ಆ ಹಕ್ಕನ್ನು ಬೇರೆಯವರಿಗೆ ಬರೆದುಕೊಡಬೇಕೆಂದರೆ ಸೆಕ್ಷನ್ 19ರ ಪ್ರಕಾರ ಕಾಗದ, ಸಹಿ ಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಕೈ ಬದಲಾಗುವುದಿಲ್ಲ. ಆ ಕಾಗದದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಸಾಹುಕಾರರು ತಮ್ಮ ಕಾಪಿಯನ್ನು ಆರಾಮಾಗಿ ಬಳಸಲಿ, ಬ್ಯಾಕಪ್ ಇಟ್ಟುಕೊಳ್ಳಲಿ. ನೀವು ಸಾಗರಕ್ಕೆ ಕೊಡಿ. ಆದರೆ ಅವರ ರೈತರ ಹೆಸರು, ಬಾಕಿ ಲೆಕ್ಕ ಡೆಮೊದಲ್ಲಿ ತೋರಿಸಬೇಡಿ ಮಾರಾಯರೇ, ಅದು ನಿಮ್ಮದಲ್ಲ.

ಜಾರ್_ಫೈಲ್: ನಿಮ್ಮದು ಅನ್ನುವ ಮುಂಚೆ ಒಂದು ಪ್ರಶ್ನೆ. ಪಿಡಿಎಫ್ ಮಾಡಲು ಯಾವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಯಾವ ಸಿದ್ಧ ಕೋಡ್ ಹಾಕಿದ್ದೀರಿ?

ಗೊರಬಲು_ಕೋಡರ್: ಐಟೆಕ್ಸ್ಟ್. ಯಾವ ಲೈಬ್ರರಿ ಅಂತ ಬರೆದಿರುವ ಪೊಮ್ ಫೈಲ್ ಈಗ ತೆಗೆದು ನೋಡಿದೆ, ಆವೃತ್ತಿ 5.5.13. ಫ್ರೀ ಅಂತ ಹಾಕಿಕೊಂಡಿದ್ದು.

ಜಾರ್_ಫೈಲ್: ಅಲ್ಲೇ ಇರುವುದು ಕಿರಿಕ್. ಐಟೆಕ್ಸ್ಟ್ ಮೊದಲು ಎಲ್‌ಜಿಪಿಎಲ್ ಮತ್ತು ಎಂಪಿಎಲ್ ಅನ್ನುವ ಸಡಿಲ ಲೈಸೆನ್ಸ್‌ಗಳ ಅಡಿ ಇತ್ತು. 2009ರಲ್ಲಿ 5ನೇ ಆವೃತ್ತಿಯಿಂದ ಎಜಿಪಿಎಲ್ ಅನ್ನುವ ಬಿಗಿ ಲೈಸೆನ್ಸ್ ಆಯಿತು. ಫ್ರೀ ಹೌದು, ಷರತ್ತಿನ ಮೇಲೆ: ಅದನ್ನು ಸೇರಿಸಿದ ಸಾಫ್ಟ್‌ವೇರನ್ನು ಯಾರಿಗೆ ಕೊಡುತ್ತೀರೋ ಅವರಿಗೆ ನಿಮ್ಮ ಪೂರ್ತಿ ಸೋರ್ಸ್ (ನೀವು ಬರೆದ ಮೂಲ ಕೋಡ್) ಕೂಡ ಅದೇ ಲೈಸೆನ್ಸ್‌ನಲ್ಲಿ ಸಿಗಬೇಕು. ಊರಿಗೆಲ್ಲ ಹಂಚಬೇಕಿಲ್ಲ, ಪಡೆದವರಿಗೆ ಕೊಟ್ಟರೆ ಸಾಕು. ಆದರೆ ಅವರು ಮೂರನೇ ಮಂಡಿಗೆ ಕೊಟ್ಟರೆ ನೀವು ತಡೆಯುವ ಹಾಗಿಲ್ಲ. ವೆಬ್‌ನಲ್ಲಿ ಓಡಿಸಿ ತಪ್ಪಿಸಿಕೊಳ್ಳೋಣ ಅಂದರೂ ಯಾವಾಗಲೂ ಆಗದು. ನೀವು ಲೈಬ್ರರಿಯನ್ನೇ ತಿದ್ದಿದ್ದರೆ ನೆಟ್‌ನಲ್ಲಿ ಬಳಸುವವರಿಗೂ ಸೋರ್ಸ್ ಕೊಡಬೇಕು ಅನ್ನುವುದೇ ಎಜಿಪಿಎಲ್‌ನಲ್ಲಿ ಜಾಸ್ತಿ ಇರುವ ಷರತ್ತು.

ದಾರಿ ಇದೆ. ಸೋರ್ಸ್ ಕೊಟ್ಟುಬಿಡಿ, ಇಲ್ಲ ಐಟೆಕ್ಸ್ಟ್‌ನ ವಾಣಿಜ್ಯ ಲೈಸೆನ್ಸ್ ತೆಗೆದುಕೊಳ್ಳಿ, ಇಲ್ಲ ಓಪನ್‌ಪಿಡಿಎಫ್ ಹಾಕಿ. ಅದು ಹಳೆ ಐಟೆಕ್ಸ್ಟ್‌ನಿಂದಲೇ ಕವಲೊಡೆದದ್ದು, ಎಲ್‌ಜಿಪಿಎಲ್/ಎಂಪಿಎಲ್‌ನಲ್ಲೇ ಉಳಿದಿದೆ. ಅದನ್ನೇ ತಿದ್ದಿದರೆ ತಿದ್ದಿದ್ದನ್ನು ಕೊಡಬೇಕು, ನಿಮ್ಮ ದರದ ಲೆಕ್ಕದ ಕೋಡ್ ನಿಮ್ಮ ಹತ್ತಿರವೇ ಇರುತ್ತದೆ. ಶಿವಮೊಗ್ಗದ ಕಾಪಿಯನ್ನೂ ಬದಲಾಯಿಸಿ. ಸೋರ್ಸ್ ಕೊಡದೆ ಹಂಚಿದ ತಪ್ಪು ನಿಲ್ಲಿಸಿದ ಮೇಲೆ 60 ದಿನದೊಳಗೆ ಹಕ್ಕಿನವರು ನೋಟಿಸ್ ಕೊಡದಿದ್ದರೆ ನಿಮ್ಮ ಲೈಸೆನ್ಸ್ ಪೂರ್ತಿ ವಾಪಸ್ ಬರುತ್ತದೆ ಅಂತ ಎಜಿಪಿಎಲ್‌ನ 3ನೇ ಆವೃತ್ತಿಯಲ್ಲೇ ಇದೆ.

ಗೊರಬಲು_ಕೋಡರ್: ನಿನ್ನೆ ರಾತ್ರಿ ಓಪನ್‌ಪಿಡಿಎಫ್‌ಗೆ ಬದಲಾಯಿಸಿದೆ, ಕೋಡ್‌ನಲ್ಲಿ ಲೈಬ್ರರಿಯನ್ನು ಕರೆಯುವ ಇಂಪೋರ್ಟ್ ಸಾಲುಗಳನ್ನು ತಿದ್ದುವುದೇ ದೊಡ್ಡ ಕೆಲಸ. ಸಾಗರದವರಿಗೆ ಪಟ್ಟಿ ಕನ್ನಡದಲ್ಲೇ ಬೇಕಂತೆ. "ಬೆಟ್ಟೆ" ಅಂತ ಹಾಕಿದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತಿದೆ.

ಜಾರ್_ಫೈಲ್: ಓಪನ್‌ಪಿಡಿಎಫ್‌ನಲ್ಲೇ ಅಕ್ಷರ ಜೋಡಿಸುವ ಲೇಔಟ್‌ಪ್ರೊಸೆಸರ್ ಇದೆ, ಆನ್ ಮಾಡಿ. ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಹಾಕಿ, ಅದಕ್ಕಿರುವುದು ಒಎಫ್‌ಎಲ್ ಅನ್ನುವ ಫಾಂಟ್ ಲೈಸೆನ್ಸ್. ಫಾಂಟನ್ನಷ್ಟೇ ಮಾರುವ ಹಾಗಿಲ್ಲ, ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು. ಲೈಸೆನ್ಸ್ ಫೈಲ್ ಮಾತ್ರ ಕಿತ್ತು ಬಿಸಾಡಬೇಡಿ.

ಹಳೇ_ಕೀಬೋರ್ಡ್: ಈ ಸಲ ಕಾಗದ ಮಾಡಿಸಿಕೊಳ್ಳಿ. ಬಳಸುವ ಅನುಮತಿ ಮಾತ್ರ, ಹಕ್ಕು ನನ್ನದು ಅಂತ ಎರಡು ಸಾಲು ಸಾಕು.