ಪಾಲಕ್ ಎಳೆ ಎಲೆ ಹಳದಿ: ಕಬ್ಬಿಣದ ಕೊರತೆಯೋ, ಭಾರಲೋಹದ ಕಾಟವೋ?

ಕೆಮ್ಮಣ್ಣು:
ಬಿಡದಿ ಕಡೆಯ ಜಮೀನು, ಬೆಂಗಳೂರಿನ ಚರಂಡಿ, ಕಾರ್ಖಾನೆ ಕೊಳೆ ಸೇರುವ ವೃಷಭಾವತಿ ನದಿಯ ನೀರು ಹಾಯುತ್ತದೆ. ಪಾಲಕ್ ಎಳೆ ಎಲೆಯಲ್ಲಿ ನರ ಹಸಿರು, ನಡುವೆಲ್ಲ ಹಳದಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.9, ಅಂದರೆ ತುಸು ಹುಳಿ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ ಸಿಂಪಡಿಸಿದರೆ ಹಸಿರಾಗುತ್ತದೆ, ಆಮೇಲೆ ಬರುವ ಎಲೆ ಮತ್ತೆ ಹಳದಿ. ಇಡಿಟಿಎ ಕಬ್ಬಿಣ (ಲೋಹವನ್ನು ಹಿಡಿದು ಕರಗಿಸಿಡುವ ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣ) ಬುಡಕ್ಕೆ ಕೊಡಲೇ?

ಬೇರುನೋಟ:
ಬುಡಕ್ಕೆ ಇಡಿಟಿಎ ಬೇಡ ಸರ್. ಮಣ್ಣಿಗೆ ಅಂಟಿಕೊಂಡಿರುವ ಸೀಸವನ್ನೂ ಅದು ಬಿಡಿಸಿ ನೀರಿಗೆ ಸೇರಿಸುತ್ತದೆ.

ಕಬ್ಬಿಣದ ಕೊರತೆ ಸಾಮಾನ್ಯವಾಗಿ ಸುಣ್ಣದಂಶ ಹೆಚ್ಚಿರುವ ಮಣ್ಣಿನದು, 5.9ರಲ್ಲಿ ಅಪರೂಪ. ಸತು, ನಿಕಲ್, ಕ್ಯಾಡ್ಮಿಯಂ ಹೆಚ್ಚಿದ್ದರೂ ಇದೇ ಹಳದಿ ಬರುತ್ತದೆ, ಏಕೆಂದರೆ ಕಬ್ಬಿಣ ಬೇರಿನೊಳಕ್ಕೆ ಹೋಗುವ ಬಾಗಿಲಿನಲ್ಲೇ ಇವೂ ನುಗ್ಗುತ್ತವೆ. ನಾಲ್ಕೈದು ಗಿಡ ಮಣ್ಣು ಸಮೇತ ಅಗೆದು, ಬೇರು ತೊಳೆದು ನೋಡಿ. ಮೋಟಾಗಿ, ಕಂದಾಗಿ, ಕವಲು ಕಮ್ಮಿ ಇದ್ದರೆ ಲೋಹದ ಗುಮಾನಿ ಬಲವಾಗುತ್ತದೆ. ಗಂಟುಗಳಿದ್ದರೆ ಅದು ಬೇರಿನ ಜಂತುಹುಳು (ನೆಮಟೋಡ್), ಬೇರೆ ಚಿಕಿತ್ಸೆ.

ಖಚಿತವಾಗಬೇಕಾದರೆ ಪ್ರಯೋಗಾಲಯವೇ ಗತಿ. 15 ಸೆಂ.ಮೀ. ಆಳದವರೆಗಿನ ಮಣ್ಣನ್ನು ಹತ್ತು ಕಡೆ ತೆಗೆದು ಬೆರೆಸಿ. ಸತು ಲೇಪಿಸಿದ ಬಕೆಟ್ ಬಳಸಬೇಡಿ, ಫಲಿತಾಂಶವೇ ಕೆಡುತ್ತದೆ, ಪ್ಲಾಸ್ಟಿಕ್ ಇರಲಿ. ಒಟ್ಟು ಲೋಹದ ಜೊತೆಗೆ ಡಿಟಿಪಿಎ ಪರೀಕ್ಷೆಯನ್ನೂ ಕೇಳಿ. ಗಿಡಕ್ಕೆ ಸಿಗುವ ಪಾಲಿನ ಅಂದಾಜು ಎರಡನೆಯದರಲ್ಲೇ ಸಿಗುತ್ತದೆ.

ಕೆಮ್ಮಣ್ಣು:
ಬೇರು ಮೋಟಾಗಿಯೇ ಇದೆ, ಗಂಟಿಲ್ಲ. ಕೆಲವು ಮಡಿಯಲ್ಲಿ ಎಲೆ ಚೆನ್ನಾಗಿದೆ. ಅದನ್ನು ಮಾರಬಹುದಲ್ಲವೇ?

ಮಣ್ಣುಪರೀಕ್ಷೆ:
ಎಲೆ ಪರೀಕ್ಷೆ ಆಗುವವರೆಗೆ ದಯವಿಟ್ಟು ಮಾರಬೇಡಿ, ಮನೆಯಲ್ಲೂ ತಿನ್ನಬೇಡಿ. ಸತು ಅತಿಯಾದರೆ ಗಿಡವೇ ಮೊದಲು ಸೊರಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಗಿಡ ಅದನ್ನು ಫೈಟೊಕೀಲೇಟಿನ್ ಎಂಬ ಗಂಧಕವುಳ್ಳ ಪ್ರೋಟೀನ್ ತುಣುಕುಗಳಿಗೆ ಕಟ್ಟಿ ಜೀವಕೋಶದ ರಸಕುಹರದಲ್ಲಿ (ಒಳಗಿನ ರಸದ ಚೀಲದಲ್ಲಿ) ಬಚ್ಚಿಡುತ್ತದೆ. ಎಲೆ ಹಚ್ಚಗೆ ಕಾಣುವಾಗಲೇ ಮನುಷ್ಯರಿಗೆ ಅಪಾಯದ ಮಟ್ಟ ದಾಟಿರಬಹುದು. ಸೊಪ್ಪಿಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಹಸಿ ತೂಕದ ಕಿಲೊಗೆ ಕ್ಯಾಡ್ಮಿಯಂ 0.2 ಮಿ.ಗ್ರಾಂ, ಸೀಸ 0.3 ಮಿ.ಗ್ರಾಂ. ಸೀಸ ಬಹುಪಾಲು ಬೇರಿನಲ್ಲೇ ಉಳಿಯುತ್ತದೆ. ಎಲೆಯಲ್ಲಿ ಸಿಕ್ಕರೆ ಹೆಚ್ಚಾಗಿ ಧೂಳು, ಸಿಡಿದ ಕೆಸರು.

ಕ್ಯಾಡ್ಮಿಯಂ, ನಿಕಲ್, ಸತು ಹೆಚ್ಚೆಂದು ಬಂದರೆ ಕೃಷಿ ಸುಣ್ಣ ಕೊಟ್ಟು ಪಿಎಚ್ 6.5–7ಕ್ಕೆ ತನ್ನಿ, ಆಗ ಇವು ಗಿಡಕ್ಕೆ ಸಿಗುವುದು ಕಮ್ಮಿಯಾಗುತ್ತದೆ. ಮೊದಲು ಕುಂಡದಲ್ಲಿ ನೋಡಿ: 5 ಕಿಲೊ ಮಣ್ಣಿಗೆ 0, 5, 10 ಗ್ರಾಂ ಸುಣ್ಣ, ಮೂರು ವಾರ ತೇವದಲ್ಲಿಟ್ಟು ಪಿಎಚ್ ಅಳೆಯಿರಿ. 5 ಗ್ರಾಂ ಅಂದರೆ ಎಕರೆಗೆ ಸುಮಾರು 9 ಕ್ವಿಂಟಾಲ್. ಅತಿಯಾದರೆ ನಿಜವಾದ ಕಬ್ಬಿಣದ ಕೊರತೆ ಬರುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಸಿಕ್ಕರೆ ಸುಣ್ಣ ತಡೆಯಿರಿ, ಅದರ ಚಲನೆ ಹೆಚ್ಚುತ್ತದೆ. ಅಲ್ಲಿ ಕೊಳೆತ ಸಾವಯವ ಗೊಬ್ಬರ ಕೆಲಸ ಮಾಡುತ್ತದೆ.

ಪೊಟ್ಯಾಷ್‌ಗೆ ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) ಬಿಟ್ಟು ಎಸ್‌ಒಪಿ (ಪೊಟ್ಯಾಸಿಯಂ ಸಲ್ಫೇಟ್) ಹಾಕಿ. ಕ್ಲೋರೈಡ್ ಸೇರಿದರೆ ಕ್ಯಾಡ್ಮಿಯಂ ಸುಲಭವಾಗಿ ಬೇರಿಗೆ ಹರಿಯುತ್ತದೆ.

ಬೇರುನೋಟ:
ನೀರು ಅದೇ ಇದ್ದರೆ ಇದೆಲ್ಲ ತಾತ್ಕಾಲಿಕ. ಹೊಂಡದಲ್ಲಿ ನಿಲ್ಲಿಸಿದರೆ ಹೂಳಿಗೆ ಅಂಟಿದ ಲೋಹ ತಳಕ್ಕಿಳಿಯುತ್ತದೆ, ಕರಗಿದ್ದು ಹಾಗೇ ಬರುತ್ತದೆ. ಆ ಹೂಳನ್ನು ಹೊಲಕ್ಕೆ ಹರಡಬೇಡಿ. ಸದ್ಯಕ್ಕೆ ಸೊಪ್ಪು, ಮೇವು ಎರಡೂ ಬಿಟ್ಟು ಚೆಂಡುಹೂ ಹಾಕಿ. ಕಿತ್ತ ಗಿಡ ದನಕ್ಕೂ ಬೇಡ, ಗೊಬ್ಬರದ ಗುಂಡಿಗೂ ಬೇಡ.