ಕಚ್ಚುವ ಹೆಣ್ಣು ಮೊಲವನ್ನು ಇನ್ನೆರಡರ ಜತೆ ಕೂಡಿಸೋದು ಹೆಂಗ?

ಬಿಳಿಕಿವಿ, ರಾಯಚೂರು

ಮನ್ಯಾಗ 14 ತಿಂಗಳ ಹೆಣ್ಣು ಮೊಲ ಅದ. ಗೂಡಿನೊಳಗ ಕೈ ಇಟ್ರ ಗುರ್ ಅಂದು ಮುಂಗಾಲಿಲೆ ಹೊಡೀತದ, ಕಚ್ಚತದ. ಹೋದ ತಿಂಗಳ ಇನ್ನೆರಡು ತಂದೀವಿ, ಐದೈದು ತಿಂಗಳವು. ಎರಡೂ ಹೆಣ್ಣಂತ ಹೇಳಿ ಕೊಟ್ಟಾರ. ನಿನ್ನೆ ಮೂರನ್ನೂ ಪಡಸಾಲ್ಯಾಗ ಬಿಟ್ಟ ಎರಡು ನಿಮಿಷದಾಗ ದೊಡ್ಡದು ಒಂದರ ಬೆನ್ನಿನ ಕೂದಲ ಕಿತ್ತು, ಕಿವಿ ಹರದದ. ಯಾವುದಕ್ಕೂ ಆಪರೇಷನ್ ಆಗಿಲ್ಲ. ಮೂರೂ ಕೂಡಿ ಇರಬೇಕಂದ್ರ ಎಲ್ಲಿಂದ ಶುರು ಮಾಡ್ಬೇಕ್ರಿ? ಗಾಯಕ್ಕ ಏನ್ ಹಚ್ಚಬೇಕು?

ಗರಿಕೆ, ಬಳ್ಳಾರಿ

ಮೊದಲು ಗಾಯ. ಮೊಲ ಕಚ್ಚಿದ್ದು ಮೇಲೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ಆಳವಿರುತ್ತದೆ. ಮೊಲದ ಕೀವು ಗಟ್ಟಿ, ತಾನಾಗಿ ಸೋರಿ ಹೋಗದೆ ಒಳಗೇ ಗಂಟು ಕಟ್ಟುತ್ತದೆ. ಮೈಯೆಲ್ಲ ಕೂದಲು ಬಿಡಿಸಿ ನೋಡಿ, ತೊಡೆಸಂದು ಮರೆಯಬೇಡಿ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ತೊಳೆಯಿರಿ. ಆಮೇಲೆ ಪೊವಿಡೋನ್ ಅಯೋಡಿನ್‌ಗೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ದಯವಿಟ್ಟು ಬಾಯಿಗೆ ಹಾಕಬೇಡಿ. ಅದು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಭೇದಿ ಹತ್ತಿಸುತ್ತದೆ, ಜೀವಕ್ಕೇ ಅಪಾಯ. ಊತ ಕಂಡರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಆ ಎರಡೂ ಹೆಣ್ಣೇ ಎಂದು ನೀವೇ ಪರೀಕ್ಷಿಸಿ. ಮಾರುವವರು ಇದರಲ್ಲಿ ತಪ್ಪುವುದು ಹೆಚ್ಚು. ತೊಡೆಯ ಮೇಲೆ ಅಂಗಾತ ಹಿಡಿದು ಮೂತ್ರದ್ವಾರದ ಎರಡೂ ಬದಿ ಮೆಲ್ಲಗೆ ಒತ್ತಿ. ಹೆಣ್ಣಿನದು ಉದ್ದ ಸೀಳು, ಗಂಡಿನದು ದುಂಡಗೆ ಕೊಳವೆಯಂತೆ ಹೊರಬರುತ್ತದೆ. ಐದು ತಿಂಗಳಿಗೆ ಬೀಜಗಳೂ ಕಾಣಬೇಕು.

ದೊಡ್ಡದರ ಸಿಟ್ಟಿಗೆ ಬಹುಪಾಲು ಕಾರಣ ಹಾರ್ಮೋನು. ಅದಕ್ಕೆ ಗೂಡು ಎಂದರೆ ಮರಿ ಹಾಕುವ ಬಿಲ, ಕೈ ಹಾಕಿದವರೆಲ್ಲ ಕಳ್ಳರು. ಎದೆಯ ಕೂದಲು ಕಿತ್ತುಕೊಂಡು, ಬಾಯಲ್ಲಿ ಹುಲ್ಲು ಹೊತ್ತು ತಿರುಗುತ್ತಿದ್ದರೆ ಸುಳ್ಳು ಬಸಿರು. 16–18 ದಿನ ಇರುತ್ತದೆ, ಆಗಂತೂ ಯಾವುದನ್ನೂ ಹತ್ತಿರ ಬಿಡಬೇಡಿ. ಗರ್ಭಕೋಶ ತೆಗೆಸದೆ ಕೂಡಿಸಲು ಹೋಗಬೇಡಿ ಎಂದೇ ಹೇಳುತ್ತೇನೆ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬ ಸಾಮಾನ್ಯ, ಅದೂ ತಪ್ಪುತ್ತದೆ. ಮೊಲಕ್ಕೆ ಅರಿವಳಿಕೆ ಕೊಟ್ಟು ರೂಢಿಯಿರುವ ವೈದ್ಯರೇ ಆಗಬೇಕು. ಹತ್ತಿರ ಸಿಗದಿದ್ದರೆ ಬೀದರ್ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ನಾಯಿಗೆ ಮಾಡುವಂತೆ ಹಿಂದಿನ ರಾತ್ರಿ ಉಪವಾಸ ಬೇಡ. ಮೊಲಕ್ಕೆ ವಾಂತಿ ಬರುವುದೇ ಇಲ್ಲ, ಹೊಟ್ಟೆ ಖಾಲಿಯಾದರೆ ಕರುಳು ನಿಂತುಹೋಗುತ್ತದೆ. ಸಿಟ್ಟು ಇಳಿಯಲು ಸುಮಾರು 6 ವಾರ ಬೇಕು.

ಅಷ್ಟು ದಿನ ಗೂಡುಗಳು ಎದುರುಬದುರು ಇರಲಿ, ನಡುವೆ 4 ಇಂಚು ಬಿಡಿ. ಜಾಲರಿಗೆ ಜಾಲರಿ ತಾಗಿಸಿದರೆ ಮೂಗು, ಬೆರಳು ಕಚ್ಚಿಸಿಕೊಳ್ಳುತ್ತವೆ. ಎರಡು ದಿನಕ್ಕೊಮ್ಮೆ ಹಿಕ್ಕೆ ತಟ್ಟೆ, ಹಾಸು ಅದಲುಬದಲು ಮಾಡಿ. ಆಮೇಲೆ ಗೂಡನ್ನೇ ಬದಲಿಸಿ. ಸೊಪ್ಪನ್ನು ಜಾಲರಿಯ ಪಕ್ಕದಲ್ಲೇ ಹಾಕಿ.

ಕೂಡಿಸುವ ಜಾಗ ಮೂರಕ್ಕೂ ಹೊಸದಾಗಿರಬೇಕು. ಪಡಸಾಲೆ ಬೇಡ, ಅದು ದೊಡ್ಡದರ ಸೀಮೆ. ಬಚ್ಚಲುಮನೆ ತೊಳೆದು ಒಣಗಿಸಿ ಗೋಣಿತಾಟು ಹಾಸಿ. ಕಾಲು ಜಾರಿದರೆ ಗಾಬರಿಯಾಗುತ್ತವೆ. ಮೊದಲ ದಿನ 10 ನಿಮಿಷ ಸಾಕು. ಕೈಗೆ ದಪ್ಪ ಗ್ಲೌಸ್, ಪಕ್ಕದಲ್ಲಿ ಟವೆಲ್ ಮತ್ತು ಅಗಲವಾದ ರಟ್ಟು ಇರಲಿ. ಮೇಲೆ ಏರುವುದು, ತುಸು ಅಟ್ಟುವುದು, ನಾಲ್ಕೆಳೆ ಕೂದಲು ಕೀಳುವುದು, ಇವೆಲ್ಲ ಯಾರು ದೊಡ್ಡವರು ಎಂಬ ತೀರ್ಮಾನ. ಏರಿದ್ದನ್ನು 20–30 ಸೆಕೆಂಡು ಬಿಟ್ಟು ಇಳಿಸಿ. ತಲೆಯ ಕಡೆಯಿಂದ ಏರಿದರೆ ಮಾತ್ರ ತಕ್ಷಣ ಇಳಿಸಬೇಕು, ಕೆಳಗಿನದು ಮರ್ಮಾಂಗಕ್ಕೇ ಬಾಯಿ ಹಾಕುತ್ತದೆ. ಕಿವಿ ಹಿಂದಕ್ಕೆ, ಬಾಲ ಮೇಲಕ್ಕೆ, ಮೈ ಬಿಗಿ ಆಯಿತೆಂದರೆ ಇನ್ನೇನು ಕಾದಾಟ. ಆಗ ನಡುವೆ ರಟ್ಟು ಇಳಿಸಿ, ಬರಿಗೈ ಹಾಕಬೇಡಿ. ಜಗಳವಾಗುವತನಕ ಕಾಯದೆ ಶಾಂತವಾಗಿರುವಾಗಲೇ ಎತ್ತಿಬಿಡಿ. ದಿನಾ ಹೊತ್ತು ಹೆಚ್ಚಿಸುತ್ತ ಹೋಗಿ. ಒಟ್ಟಿಗೆ ತಿಂದು, ಒಂದನ್ನೊಂದು ನೆಕ್ಕಿ, ನಿಮ್ಮ ಕಣ್ಣೆದುರು 48 ಗಂಟೆ ಜಗಳವಿಲ್ಲದೆ ಕಳೆದ ಮೇಲೆ ಒಂದೇ ಗೂಡು.

ಹುಲ್ಲುಹೊರೆ, ಕೊಪ್ಪಳ

ಮ್ಯಾಲಿನವರು ಹೇಳಿದ್ದು ಖರೆ ಐತ್ರಿ. ಆದ್ರ ಈಗ ಫೆಬ್ರವರಿ. ಇವತ್ತ ಆಪರೇಷನ್ ಮಾಡಿಸಿದ್ರೂ ಕೂಡಿಸೂ ಹೊತ್ತಿಗೆ ಏಪ್ರಿಲ್ ಬರತೈತಿ. 40 ಡಿಗ್ರಿ ಬಿಸಿಲಾಗ ಆ ಕೆಲಸ ಬ್ಯಾಡ. ಮೊಲ ಬೆವರಂಗಿಲ್ಲ, ಮೈಯಾಗಿನ ಶಾಖ ಹೆಚ್ಚಾಗಿ ಕಿವಿಯಿಂದ ಹೊರಗ ಹೋಗಬೇಕು. 30 ದಾಟಿದ್ರ ಕುಂತಲ್ಲೇ ತ್ರಾಸ, ಅಟ್ಟಾಡಿದ್ರ ಜೀವಾನ ಹೋಗತೈತಿ. ಆಪರೇಷನ್ ಈಗ ಮಾಡಸ್ರಿ, ಎದುರಾಬದರು ಗೂಡು ಬ್ಯಾಸಗಿ ಪೂರ್ತಿ ನಡೀಲಿ, ಮಳಿ ಬಿದ್ದು ತಂಪಾದ ಮ್ಯಾಲ ಕೂಡಸ್ರಿ. ಗೂಡಿಗೊಂದರಂಗ ಬಾಟ್ಲಿನ್ಯಾಗ ನೀರು ಬರ್ಫ ಮಾಡಿ, ಅರಿವ್ಯಾಗ ಸುತ್ತಿ ಇಡ್ರಿ.

ಕೂಡಿಸುವಾಗ ಹುಲ್ಲು ಮೂರು ಕಡೆ ಹಾಕ್ರಿ, ಒಂದ ಕಡೆ ಹಾಕಿದ್ರ ಅದಕ್ಕ ಜಗಳ. ಗಂಗಾವತಿ ಕಡೆ ಭತ್ತದ ಹುಲ್ಲು ಬೇಕಾದಷ್ಟು ಸಿಗತೈತಿ, ಹಾಸಾಕ ಛಲೋ. ತಿನ್ನಾಕ ಗರಿಕಿ ಹಾಕ್ರಿ. ಎಳೀ ಜೋಳದ ಬೆಳ್ಯಾಗ ಸಯನೈಡ್ ವಿಷ ಇರತೈತಿ, ದನಕ್ಕ ಹಾಕಂಗಿಲ್ಲ, ಮೊಲಕ್ಕೂ ಬ್ಯಾಡ. ಬೂಸ್ಟು ಹಿಡಿದ ಶೇಂಗಾ ಹೊಟ್ಟೂ ಬ್ಯಾಡ.

ಬಿಳಿಕಿವಿ, ರಾಯಚೂರು

ಒತ್ತಿ ನೋಡಿದೆ. ಗಾಯ ಆದದ್ದು ಗಂಡು ಅದ! ಅದು, ಅದರ ತಂಗಿ ತಿಂಗಳಿಂದ ಒಂದೇ ಗೂಡಿನ್ಯಾಗ ಅವ.

ಗರಿಕೆ, ಬಳ್ಳಾರಿ

ಹಾಗಾದರೆ ಈಗಲೇ ಗಂಡನ್ನು ಬೇರೆ ಗೂಡಿಗೆ ಹಾಕಿ. ಇಂದಿನ ತಾರೀಖು ಬರೆದಿಟ್ಟು 31 ದಿನ ಎಣಿಸಿ, ತಂಗಿ ಬಸಿರಾಗಿರುವ ಸಾಧ್ಯತೆ ಬಹಳ, ಅಷ್ಟರೊಳಗೆ ಯಾವ ದಿನವಾದರೂ ಮರಿ ಹಾಕಬಹುದು. ಮೊಲ ಕೂಡಲು ಕೆಲವೇ ಸೆಕೆಂಡು ಸಾಕು, ಪಡಸಾಲೆಯ ಆ ಎರಡು ನಿಮಿಷಕ್ಕೆ ದೊಡ್ಡದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನ್ನೂ ವೈದ್ಯರಿಗೆ ತೋರಿಸಿ, ಹೊಟ್ಟೆ ಮುಟ್ಟಿ ಹೇಳುತ್ತಾರೆ. ಬಸಿರು ಹೌದಾದರೆ ತಂಗಿಗೆ ಈಗಲೇ, ದೊಡ್ಡದಕ್ಕೆ 27ನೇ ದಿನ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆಗೆ ಒಣಹುಲ್ಲು ತುಂಬಿ ಇಡಿ. ಮರಿ ಹಾಕಿದ ದಿನವೇ ಮತ್ತೆ ಬಸಿರಾಗಬಲ್ಲದು, ಗಂಡು ಹತ್ತಿರ ಸುಳಿಯಬಾರದು.

ಗಂಡಿನ ಬೀಜ ತೆಗೆಸುವುದು ಸಣ್ಣ ಆಪರೇಷನ್, ಕಿವಿ ಮಾಯ್ದ ಕೂಡಲೇ ಮಾಡಿಸಿ. ಆಮೇಲೂ 6 ವಾರ ಹೆಣ್ಣುಗಳಿಂದ ದೂರವೇ ಇರಲಿ, ಉಳಿದ ವೀರ್ಯದಿಂದಲೂ ಬಸಿರಾಗುತ್ತವೆ. ಆಪರೇಷನ್ ಆದ ಗಂಡು ದೊಡ್ಡದರ ಜತೆ ಹೊಂದುವುದು ಇನ್ನೊಂದು ಹೆಣ್ಣಿಗಿಂತ ಸುಲಭ. ಮೊದಲು ಆ ಜೋಡಿ ಹೊಂದಿಕೊಳ್ಳಲಿ, ತಂಗಿಯನ್ನು ಆಮೇಲೆ ಬಿಡಿ.